ಒಂದು ಕಾಲು ನೀಲಿ, ಒಂದು ಕಾಲು ಬಿಳಿ

ಸೌಭಾಗ್ಯಳಿಗೆ ಕುದುರೆಯೆಂದರೆ ಮೆರವಣಿಗೆಯ ಬ್ಯಾಂಡಿಗೆ ಬೆದರಿ ಮದುಮಗನನ್ನು ಕೆಡವುವ ಪ್ರಾಣಿ. ಅದಕ್ಕಿಂತ ಹೆಚ್ಚಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಇರಲಿಲ್ಲ. ಅಂಥವಳು ಒಂದು ಮಧ್ಯಾಹ್ನ ಊಟದ ಡಬ್ಬಿ ಹಾಗೇ ಬಿಟ್ಟು ಎದ್ದುಹೋಗಿ, ಸಂಜೀವಪ್ಪನ ಕೈಯಿಂದ ಕುದುರೆ ಓಡುತ್ತಿದ್ದ ಮೊಬೈಲನ್ನು ಕಸಿದುಕೊಂಡಳೆಂದರೆ ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯಲ್ಲಿ ಯಾರು ನಂಬುತ್ತಾರೆ? ಕಣ್ಣಾರೆ ಕಂಡವರೂ ನಂಬಲಿಲ್ಲ.

ಸಂಜೀವಪ್ಪ ಅಲ್ಲಿ ಚೆಕ್ಕಿಂಗ್ ಮಾಡುವವನು. ಹೊಲಿದು ಬಂದ ಪ್ಯಾಂಟನ್ನು ತಿರುಗಿಸಿ ಮುರುಗಿಸಿ ತಪ್ಪು ಹುಡುಕುವುದು ಅವನ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತಾನೆಂದು ಹೆಂಡತಿಯ ದೂರು. ಡೇಟಾ ಅಗ್ಗವಾಗಿ ಎಲ್ಲರ ಅಂಗೈಗೂ ಲೋಕ ಬಂದ ಆ ವರ್ಷಗಳಲ್ಲಿ ಅವನ ಅಂಗೈಗೆ ಬಂದದ್ದು ಬೆಂಗಳೂರಿನ ಕುದುರೆ ಓಟ. ಅದರ ಸುದ್ದಿ ಕೊಡುವ ಆ್ಯಪೊಂದನ್ನು ಅವನು ಮೊಬೈಲಿಗೆ ಹಾಕಿಕೊಂಡಿದ್ದ. ಅದರಲ್ಲಿ ಅರ್ಧ ಬಿಟ್ಟಿ, ಅರ್ಧಕ್ಕೆ ಬೀಗ. ಯಾವ ದಿನ ಯಾವ ಕುದುರೆ ಓಡುತ್ತದೆ, ಯಾವುದು ಗೆದ್ದಿತು, ಇದೆಲ್ಲ ಬಿಟ್ಟಿ. ಬೆಳಗಿನ ಹೊತ್ತು ಕುದುರೆಗಳನ್ನು ನಡೆಸಿ ಓಡಿಸಿ ಅಭ್ಯಾಸ ಮಾಡಿಸುವ ವಿಡಿಯೋ, ಲಾಯದ ಒಳಗಿನ ಸುದ್ದಿ, ತಜ್ಞರ ಸಲಹೆ, ಇವಕ್ಕೆ ಮಾತ್ರ ತಿಂಗಳ ಚಂದಾ. ವಿಡಿಯೋದ ಒಂದು ಚೂರನ್ನು ಬಿಟ್ಟಿ ತೋರಿಸಿ, ನೋಡುವವನ ಕುತ್ತಿಗೆ ಮುಂದಕ್ಕೆ ಬಾಗುವ ಹೊತ್ತಿಗೆ ಬೀಗದ ಚಿತ್ರ ಹಾಕಿಬಿಡುತ್ತಿದ್ದರು. ಸಂತೆಯಲ್ಲಿ ಮಿಠಾಯಿಯವನು ಚೂರು ಕೊಟ್ಟು ನಾಲಿಗೆಗೆ ಆಸೆ ಹತ್ತಿಸುವ ಹಾಗೆ.

ಸಂಜೀವಪ್ಪ ಚಂದಾ ಕಟ್ಟುವ ಪೈಕಿ ಅಲ್ಲ. ಬಿಟ್ಟಿ ಚೂರನ್ನೇ ಹತ್ತು ಸಲ ಚೀಪುವವನು. ಅವತ್ತು ಪ್ಯಾಂಟುಗಳ ಗುಡ್ಡೆಗೆ ಮೊಬೈಲ್ ಒರಗಿಸಿಕೊಂಡು ಉಣ್ಣುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಸೌಭಾಗ್ಯಳ ಕಣ್ಣು ಸುಮ್ಮನೆ ಅತ್ತ ಹೋಯಿತು. ಕೆಂಚು ಬಣ್ಣದ ಕುದುರೆಯೊಂದು ತಲೆ ಕುಣಿಸುತ್ತ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಹಗ್ಗ ಹಿಡಿದವನ ಎರಡು ಕಾಲು. ಒಂದು ನೀಲಿ, ಒಂದು ಬಿಳಿ. ಅಷ್ಟರಲ್ಲಿ ಬೀಗ ಬಿತ್ತು.

"ಅಣ್ಣಾ, ಹಿಂದಕ್ಕ ತಿರುಗಸ್ರಿ ಅದನ್ನ!"

"ಯಾಕವ್ವ, ಏನಾತು?"

ಉತ್ತರ ಹೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಮೊಬೈಲ್ ಕಸಿದದ್ದು ಆಗಲೇ.

ಅವಳು ಅಷ್ಟು ಹೌಹಾರಿದ್ದು ಯಾಕೆಂದು ತಿಳಿಯಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. ಸೌಭಾಗ್ಯಳದು ಬೊಮ್ಮನಹಾಳ್ ಕಡೆಯ ನೇಮಕಲ್ಲು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಅಂಜಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಊರಿನ ಆಂಜನೇಯನ ಹೆಸರನ್ನೇ ಅವನಿಗೆ ಇಟ್ಟಿದ್ದರು, ಬುದ್ಧಿಯೂ ಹಾಗೇ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮದುವೆಯಾಗಿ ರಾಯದುರ್ಗಕ್ಕೆ ಬಂದು ಹೊಲಿಗೆಗೆ ಸೇರಿದ ಮೇಲೆ ತಮ್ಮನನ್ನೂ ಕರೆಸಿಕೊಂಡು ಅದೇ ಕಾರ್ಖಾನೆಯ ಕಟಿಂಗ್ ಮೇಜಿಗೆ ಸೇರಿಸಿದಳು. ಅವಳ ಗಂಡ ಪಾಲಯ್ಯ ಜೀನ್ಸ್ ತೊಳೆಯುವ ಘಟಕದಲ್ಲಿ ಕೆಲಸಕ್ಕಿದ್ದ. ಅವನ ಕೈ ಮೊಣಕೈತನಕ ನೀಲಿ. ಉಣ್ಣುವಾಗ ಅನ್ನಕ್ಕೆ ಬಣ್ಣ ಹತ್ತೀತೆಂದು ಅಂಜಿ ಭಾವನನ್ನು ಕಾಡುತ್ತಿದ್ದ.

ಜೀನ್ಸ್ ಬಟ್ಟೆಗೆ ಎರಡು ಮುಖ. ಮೇಲೆ ನೀಲಿ, ಒಳಗೆ ಬಿಳಿ. ಕಟಿಂಗ್ ಮೇಜಿನ ಮೇಲೆ ಪದರ ಪದರವಾಗಿ ಹಾಸುವಾಗ ಒಂದು ಪದರ ನೀಲಿ ಮೇಲೆ ಬಂದರೆ ಮುಂದಿನದು ಬಿಳಿ ಮೇಲೆ ಬರಬೇಕು. ಆಗ ಒಂದೇ ಕೊಯ್ತದಲ್ಲಿ ಎಡಗಾಲೂ ಬಲಗಾಲೂ ಸಮ ಸಮ ಸಿಗುತ್ತವೆ. ಒಂದು ದಿನ ಕಟಿಂಗ್ ಮಾಸ್ತರ ಇಲ್ಲದಾಗ ಅಂಜಿ ತಾನೂ ಏನು ಕಮ್ಮಿ ಎಂದು ಹಾಸಿದ. ಎಲ್ಲ ಪದರವನ್ನೂ ನೀಲಿ ಮೇಲೆ ಮಾಡಿ, ಚೆಂದಕ್ಕೆ ತಿದ್ದಿ ತೀಡಿ ಹಾಸಿ, ಮಿಷನ್ ಹಚ್ಚಿ ಕೊಯ್ದ. ಇಡೀ ಹಾಸು ಎಡಗಾಲು! ಬಲಗಾಲು ಒಂದೂ ಇಲ್ಲ. ಯಜಮಾನ ಬೈದದ್ದು ಹಾಗಿರಲಿ, ಆಳುಗಳು ನಕ್ಕ ನಗು ಇದೆಯಲ್ಲ, ಅದು ಬೈಗುಳಕ್ಕಿಂತ ಖಾರ. ಸಂಜೆಯೊಳಗೆ ಅವನಿಗೆ 'ಎಡಗಾಲಪ್ಪ' ಎಂದು ಹೆಸರಿಟ್ಟಾಗಿತ್ತು. ಬಾಯಿ ಮುಚ್ಚದೆ ಹರಟುವಂಥ ಹುಡುಗ ಅವತ್ತು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಸಮಾಧಾನದ ಮಾತು ಸೌಭಾಗ್ಯಳಿಗೆ ಬಾರದು. ಬರುವುದು ಹೊಲಿಗೆ. ಕೆಟ್ಟ ಬಟ್ಟೆಯಿಂದ ಒಂದು ಕಟ್ಟು ಕೇಳಿ ತಂದಿದ್ದಳು. ಎಡಗಾಲಿನ ತುಂಡನ್ನು ಮಗುಚಿ ಹಾಕಿದರೆ ಬಲಗಾಲಾಗುತ್ತದೆ, ಆದರೆ ಬಿಳಿ ಮುಖ ಹೊರಗೆ ಬರುತ್ತದೆ. ಬರಲಿ ಎಂದುಕೊಂಡಳು. ಒಂದು ಕಾಲು ನೀಲಿ, ಒಂದು ಕಾಲು ಬಿಳಿಯ ಪ್ಯಾಂಟ್ ಹೊಲಿದು, ಅಂಜಿಯ ಅಳತೆಗೆ ಸರಿಮಾಡಿ, ಅವನ ದಿಂಬಿನ ಪಕ್ಕ ಇಟ್ಟಳು. ಎದ್ದು ನೋಡಿ ನಗುತ್ತಾನೆ, ಯಾವುದೂ ಪೂರ್ತಿ ಕೆಡುವುದಿಲ್ಲ ಎಂದು ತಿಳಿಯುತ್ತಾನೆ, ಇಷ್ಟೇ ಅವಳ ಲೆಕ್ಕಾಚಾರ.

ಬೆಳಿಗ್ಗೆ ನೋಡಿದರೆ ಅಂಜಿಯೂ ಇಲ್ಲ, ಪ್ಯಾಂಟೂ ಇಲ್ಲ. ಫೋನ್ ಹತ್ತಲಿಲ್ಲ. ಬಳ್ಳಾರಿ, ಹಿಂದೂಪುರ, ಬೆಂಗಳೂರು, ಎಲ್ಲಿ ಹೊಲಿಗೆ ಕೆಲಸವಿದೆಯೋ ಅಲ್ಲೆಲ್ಲ ವಿಚಾರಿಸಿದರು. ಊರು ಬಿಟ್ಟು ದುಡಿಯಲು ಹೋಗುವವರಿಗೇನು ಬರವೇ? ಹೋದವರೆಲ್ಲ ಯುಗಾದಿಗಾದರೂ ಬರುತ್ತಾರೆ. ಇವನು ಬರಲಿಲ್ಲ. ಸೌಭಾಗ್ಯಳನ್ನು ಅವನು ಹೋದದ್ದಕ್ಕಿಂತ ಹೆಚ್ಚು ಕೊರೆದದ್ದು ಬೇರೊಂದು ಪ್ರಶ್ನೆ. ಊರೆಲ್ಲ ನಕ್ಕಿತು, ಕೊನೆಗೆ ಅಕ್ಕನೂ ಪ್ಯಾಂಟ್ ಹೊಲಿದು ಅಣಕಿಸಿದಳು ಎಂದುಕೊಂಡನೇ? ಇದನ್ನು ಕೇಳಲು ಅವನು ಸಿಗಬೇಕು. ಬೇರೆ ಯಾರನ್ನು ಕೇಳಿದರೆ ಏನು ಬಂತು?

ಆ ಪ್ಯಾಂಟಿನ ಕಾಲುಗಳು ಈಗ ಮೊಬೈಲಿನಲ್ಲಿ ಕಂಡಿದ್ದವು. ಮತ್ತೆ ತಿರುಗಿಸಿ ನೋಡಿದಳು. ಕುದುರೆ ಬಂತು, ಕಾಲು ಬಂತು, ಬೀಗ ಬಂತು.

ಅವತ್ತಿನಿಂದ ಸೌಭಾಗ್ಯ ಬಿಟ್ಟಿ ಸಿಗುವುದನ್ನೆಲ್ಲ ಓದತೊಡಗಿದಳು. ಸಂಜೀವಪ್ಪನ ಹತ್ತಿರ ಕೂತು ಒಂದೊಂದನ್ನೂ ಬಿಡಿಸಿ ಕೇಳುವಳು. ಆ ಕೆಂಚು ಕುದುರೆಯ ಹೆಸರು ಲಿಟಲ್ ಲ್ಯಾಂಪ್. ಹೆಣ್ಣು. ಅದರ ಅಪ್ಪನ ಹೆಸರಿತ್ತು, ಅಮ್ಮನ ಹೆಸರಿತ್ತು, ಅಮ್ಮನ ಅಪ್ಪನ ಹೆಸರೂ ಇತ್ತು. ಯಜಮಾನರು ಯಾರು, ತರಬೇತಿ ಕೊಡುವವರು ಯಾರು, ಮೇಲೆ ಕೂರುವವನು ಯಾರು, ಎಷ್ಟು ಭಾರ ಹೊತ್ತು ಓಡಬೇಕು, ಹೋದ ಸಲ ಎಷ್ಟನೆಯದಾಗಿ ಬಂತು, ಅಕ್ಕಪಕ್ಕ ಕಂಡು ಬೆದರದಂತೆ ಕಣ್ಣಿಗೆ ಮರೆ ಕಟ್ಟಿದ್ದಾರೋ ಇಲ್ಲವೋ, ಎಲ್ಲವೂ ಇತ್ತು. ಸೌಭಾಗ್ಯಳಿಗೆ ಬೆರಗೋ ಬೆರಗು. ತನ್ನ ಅಮ್ಮನ ಅಪ್ಪನ ಹೆಸರು ತನಗೇ ಸರಿಯಾಗಿ ಗೊತ್ತಿಲ್ಲ, ಕುದುರೆಯದು ಲೋಕಕ್ಕೆಲ್ಲ ಗೊತ್ತು!

"ಇದನ್ನ ಹಿಡಕೊಂಡು ನಡಸಾವನ ಹೆಸರು ಎಲ್ಲೈತ್ರಿ ಅಣ್ಣಾ?"

ಸಂಜೀವಪ್ಪ ಮೇಲಿಂದ ಕೆಳಗೆ ಬೆರಳಾಡಿಸಿದ. "ಅದನ್ನ್ಯಾರು ಹಾಕ್ತಾರವ್ವ? ಅವನೇನು ಓಡತಾನೇನು?"

ಹೀಗೆ ಕೇಳಿದ್ದು ಕಾರ್ಖಾನೆಯ ಉಳಿದವರ ಕಿವಿಗೆ ಬಿತ್ತು. ಎದುರು ಮಿಷನ್ನಿನ ನಾಗಕ್ಕ ಅದಕ್ಕೆ ಕೈಕಾಲು ಹಚ್ಚಿದಳು. ಸೌಭಾಗ್ಯ ಎಂದೂ ಸುಳ್ಳಾಡದವಳು, ನೇಮಕಲ್ಲಿನವಳು, ಶನಿವಾರ ಒಂದೊತ್ತು ಇರುವವಳು. ಇಂಥವಳು ಒಂದೇ ಕುದುರೆಯ ಹೆಸರು ಜಪ ಮಾಡುತ್ತಾಳೆಂದರೆ ಏನರ್ಥ? ಆಂಜನೇಯಸ್ವಾಮಿ ಕನಸಿನಲ್ಲಿ ಬಂದು ಹೇಳಿದ್ದಾನೆ! ಆ್ಯಪಿನ ತಜ್ಞ ಚಂದಾ ಕೇಳುತ್ತಾನೆ, ಸ್ವಾಮಿ ಬಿಟ್ಟಿ ಹೇಳುತ್ತಾನೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಜನ. ಮುಂದಿನ ಓಟಕ್ಕೆ ನಾಲ್ಕಾರು ಮಂದಿ ಸಂಜೀವಪ್ಪನ ಗೆಳೆಯನೊಬ್ಬನ ಮೂಲಕ ಗುಟ್ಟಾಗಿ ಲಿಟಲ್ ಲ್ಯಾಂಪಿನ ಮೇಲೆ ದುಡ್ಡು ಹೂಡಿದರು. ಸೌಭಾಗ್ಯಳಿಗೆ ಒಬ್ಬರೂ ಹೇಳಲಿಲ್ಲ. ಹೇಳಿದರೆ ಸ್ವಾಮಿಯ ಮಾತು ಫಲಿಸುವುದಿಲ್ಲವಂತೆ.

ಲಿಟಲ್ ಲ್ಯಾಂಪ್ ಎಲ್ಲ ಕುದುರೆಗಳನ್ನೂ ಮುಂದೆ ಬಿಟ್ಟು, ಸೊಸೆ ಅತ್ತೆಯ ಹಿಂದೆ ಬರುವ ಹಾಗೆ ಮರ್ಯಾದೆಯಿಂದ ಕೊನೆಗೆ ಬಂತು.

ಮಾರನೆಯ ದಿನ ಕಾರ್ಖಾನೆಯಲ್ಲಿ ಯಾರೂ ಸೌಭಾಗ್ಯಳ ಮುಖ ನೋಡಲಿಲ್ಲ. ನಾಗಕ್ಕ ದಾರದ ಉಂಡೆಯನ್ನು ದಪ್ಪನೆ ಕುಕ್ಕಿದಳು. ಸಂಜೀವಪ್ಪನಂತೂ ಎದುರಿಗೇ ನಿಂತ.

"ಏನವ್ವ, ನಿಮ್ಮ ಸ್ವಾಮಿ ಹಿಂಗ ಮಾಡಿಬಿಟ್ಟನಲ್ಲ!"

"ಯಾವ ಸ್ವಾಮಿರಿ? ನಾನೇನು ಹೇಳಿದ್ನಿ?"

ವಿಷಯ ತಿಳಿದಾಗ ಅವಳಿಗೆ ನಗಬೇಕೋ ಅಳಬೇಕೋ ತೋಚಲಿಲ್ಲ. ಅತ್ತೇಬಿಟ್ಟಳು. ಅಳುತ್ತಲೇ ಅಂಜಿಯ ಪ್ಯಾಂಟಿನ ಕಥೆಯನ್ನು ಹೇಳಿದಳು. ಎಡಗಾಲಪ್ಪ ಎಂದು ಮೊದಲು ಕೂಗಿದ್ದವನು ಇದೇ ಸಂಜೀವಪ್ಪ. ಅವನು ತಲೆ ತಗ್ಗಿಸಿ, ಕೈಯಲ್ಲಿದ್ದ ಪ್ಯಾಂಟಿನ ದಾರವನ್ನು ಕತ್ತರಿಸಿದ ಕಡೆಯೇ ಮತ್ತೆ ಕತ್ತರಿಸುತ್ತ ನಿಂತ. ಆಮೇಲೆ ಯಾರಿಗೂ ಹೇಳದೆ ಆ್ಯಪಿಗೆ ಒಂದು ತಿಂಗಳ ಚಂದಾ ಕಟ್ಟಿ ಮೊಬೈಲನ್ನು ಅವಳ ಮುಂದೆ ಇಟ್ಟ.

"ನೋಡವ್ವ. ಬೀಗ ತಗದೈತಿ. ಅವನೇನ ನೋಡು."

ಪೂರ್ತಿ ವಿಡಿಯೋ ತೆರೆಯಿತು. ನಾಗಕ್ಕನೂ ಸಿಟ್ಟು ಬಿಟ್ಟು ಬಂದು ಹೆಗಲ ಮೇಲಿಂದ ಬಗ್ಗಿದಳು. ಲಿಟಲ್ ಲ್ಯಾಂಪ್ ಬಂತು, ಹೋಯಿತು, ತಿರುಗಿತು, ಮತ್ತೆ ಬಂತು. ಪಕ್ಕದಲ್ಲಿ ನೀಲಿ ಕಾಲು, ಬಿಳಿ ಕಾಲು. ನೀಲಿ ಮಾಸಿತ್ತು, ಬಿಳಿ ಮೊಣಕಾಲು ಹರಿದಿತ್ತು. ಮೇಲೆ ಒಂದು ಅಂಗಿಯ ಚುಂಗು. ಅದರ ಮೇಲೆ ಏನೂ ಇಲ್ಲ! ವಿಡಿಯೋ ಮಾಡಿದವನಿಗೆ ಬೇಕಾಗಿದ್ದದ್ದು ಕುದುರೆಯ ಕಾಲು. ದುಡ್ಡು ಕೊಟ್ಟು ನೋಡುವವರಿಗೂ ಅದೇ ಬೇಕು. ಹಗ್ಗ ಹಿಡಿದವನ ತಲೆ ಒಂದು ಸಲವೂ ಬರಲಿಲ್ಲ. ಕುದುರೆಯ ಮೂಗಿನ ಹೊಳ್ಳೆ ಅರಳಿದ್ದು ಕಂಡಿತು, ಬಾಲದ ಕೂದಲು ಕಂಡಿತು, ಮನುಷ್ಯನ ಮುಖ ಕಾಣಲಿಲ್ಲ.

"ತಜ್ಞನ್ನ ಕೇಳೋಣ. ಚಂದಾದಾರರು ಪ್ರಶ್ನೆ ಕೇಳಬಹುದು ಅಂತ ಬರದಾರ. ಲಾಯದ ಒಳಗಿನ ಸುದ್ದಿ ಎಲ್ಲಾ ಗೊತ್ತಂತ ಅವನಿಗೆ," ಎಂದ ಸಂಜೀವಪ್ಪ. ಸೌಭಾಗ್ಯ ಹೇಳಿದಳು, ಅವನು ಬರೆದ: ಲಿಟಲ್ ಲ್ಯಾಂಪನ್ನು ಹಿಡಿದು ನಡೆಸುವವನ ಹೆಸರೇನು?

ಕಪ್ಪು ಕನ್ನಡಕ ಹಾಕಿದ ತಜ್ಞನಿಂದ ಉತ್ತರ ಬೇಗ ಬಂತು. 'ಕುದುರೆ ಉತ್ತಮ ಸ್ಥಿತಿಯಲ್ಲಿದೆ. ನಿರ್ಲಕ್ಷಿಸುವಂತಿಲ್ಲ.' ಹೆಸರು ಹೇಳಿ ಎಂದು ಇನ್ನೊಂದು ಸಲ ಕೇಳಿದರು. 'ಅಚ್ಚರಿ ಮೂಡಿಸಬಹುದು. ಎಚ್ಚರಿಕೆಯಿಂದ ಹೂಡಿ.' ಅವನು ಎರಡು ಬಣ್ಣದ ಪ್ಯಾಂಟ್ ಹಾಕುತ್ತಾನೆ, ಅವನು ಯಾರು ಎಂದು ಕೇಳಿದ್ದಕ್ಕೆ ತಜ್ಞ ಒಂದು ಇಡೀ ದಿನ ಸುಮ್ಮನಿದ್ದು, ಈ ಸುಳಿವು ನಿಮಗೆ ಎಲ್ಲಿಂದ ಸಿಕ್ಕಿತು ಎಂದು ತಾನೇ ಕೇಳಿದ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಸುಬು ಮಾಡಿಕೊಂಡವರು ಲಾಯದ ಬಾಗಿಲನ್ನಾದರೂ ನೋಡಿರುತ್ತಾರೋ ಇಲ್ಲವೋ, ನನಗಂತೂ ಅನುಮಾನ.

ಸಂಜೆ ಪಾಲಯ್ಯನ ಮುಂದೆ ಸೌಭಾಗ್ಯ ಇದನ್ನೆಲ್ಲ ಹೇಳಿ, ಇನ್ನೂ ಹೆಚ್ಚಿನ ಚಂದಾ ಕಟ್ಟಿದರೆ ಬೇರೆ ವಿಡಿಯೋ ಸಿಗುತ್ತದಂತೆ ಎಂದಳು. ಪಾಲಯ್ಯ ನೀಲಿ ಕೈ ತೊಳೆಯುತ್ತಿದ್ದ.

"ಕುದುರೆ ಕಂಡ್ರ ಕಾಲುನೋವು ಅಂತಾರ. ನಿನಗ ಬಂದಿರದು ಅದೇ ಬ್ಯಾನಿ," ಎಂದ. "ಬೆಂಗಳೂರಿಗೆ ದಿನಾ ಬಸ್ ಹೋಗತಾವ. ಎರಡು ವರ್ಷ ಎಲ್ಲಿ ಅದಾನೋ ಗೊತ್ತಿರಲಿಲ್ಲ, ಹುಡುಕಿದ್ವಿ. ಈಗ ಇಂಥಾ ಕುದುರಿ ಪಕ್ಕದಾಗ ಅದಾನ ಅಂತ ಗೊತ್ತಾಗೇತಿ, ನೀನು ಮೊಬೈಲ್ ಒಳಗ ಹುಡುಕತಿ. ಎದ್ದು ಹೋಗು."

ಹೌದಲ್ಲ ಎನಿಸಿತು ಸೌಭಾಗ್ಯಳಿಗೆ. ಇಷ್ಟು ದಿನ ಅದು ಯಾಕೆ ಹೊಳೆಯಲಿಲ್ಲ? ಹೊಳೆದಿರಲಿಲ್ಲವೆಂದಲ್ಲ. ಅಲ್ಲಿಗೆ ಹೋದರೆ ಅಂಜಿಯ ಮುಖ ನೋಡಬೇಕಾಗುತ್ತದೆ, ಅವನು ಮುಖ ತಿರುಗಿಸಿದರೆ ಎಂಬ ಭಯ. ಮೊಬೈಲಿನಲ್ಲಾದರೆ ಕಾಲಷ್ಟೇ ಕಾಣುತ್ತದೆ. ಕಾಲು ಸಿಟ್ಟು ಮಾಡುವುದಿಲ್ಲ.

ಆದರೂ ಹೋದಳು. ಬೆಂಗಳೂರಿನಲ್ಲಿ ಇಳಿದು, ಕುದುರೆ ಓಟದ ಮೈದಾನ ಕೇಳಿಕೊಂಡು ಹೋಗುವ ಹೊತ್ತಿಗೆ ಬಿಸಿಲು ಬಲಿಯುತ್ತಿತ್ತು. ಗೇಟಿನವನು ಒಳಗೆ ಬಿಡಲಿಲ್ಲ. ಚೀಟಿ ಬೇಕು, ಪರಿಚಯ ಬೇಕು, ಕುದುರೆಯವರು ಹೇಳಿ ಕಳಿಸಬೇಕು. ಇಲ್ಲೂ ಒಂದು ಬೀಗ! ಸುಸ್ತಾಗಿ ಎದುರಿನ ಟೀ ಗಾಡಿಯ ಬೆಂಚಿನ ಮೇಲೆ ಕೂತಳು. ಗಾಡಿಯ ಹೆಂಗಸು ಮಡಕಶಿರಾ ಕಡೆಯವಳು, ನರಸಕ್ಕ ಎಂದು ಹೆಸರು.

"ಯಾರನ್ನ ಕಾಯ್ತಾ ಇದ್ದೀಯವ್ವ?"

"ನಮ್ಮ ತಮ್ಮನ್ರಿ. ಒಳಗ ಕುದುರಿ ಹಿಡಿತಾನೇನೋ. ಒಂದು ಕಾಲು ನೀಲಿ, ಒಂದು ಕಾಲು ಬಿಳಿ..."

"ಅಯ್ಯೋ, ನಮ್ಮ ಅಂಜಿ ಕಣಮ್ಮ!" ನರಸಕ್ಕ ಸೌಟನ್ನು ಪಾತ್ರೆಗೆ ಬಿಟ್ಟಳು. "ರಾಯದುರ್ಗದೋನು ತಾನೇ? ಊರು ಬಿಟ್ಟು ಬಂದು ಇದೇ ಬೆಂಚಿನ ಮ್ಯಾಲೆ ಮಕ್ಕೊಂಡಿದ್ದ. ಲಾಯದೋರಿಗೆ ನಾನೇ ಹೇಳಿ ಸೇರಿಸ್ದೆ. ಈಗ ಬತ್ತಾನೆ ಟೀಗೆ, ಕೂತ್ಕೋ."

ಹೆಸರು, ಊರು, ಬಂದ ದಾರಿ, ಎಲ್ಲ ಒಂದೇ ಉಸಿರಿಗೆ ಸಿಕ್ಕಿತು. ಟೀಗೂ ದುಡ್ಡು ತೆಗೆದುಕೊಳ್ಳಲಿಲ್ಲ ಆ ಪುಣ್ಯಾತ್ಗಿತ್ತಿ.

ಗೇಟಿನ ಸಣ್ಣ ಬಾಗಿಲು ತೆರೆಯಿತು. ಮೊದಲು ಕಂಡದ್ದು ಕಾಲು. ಸೌಭಾಗ್ಯ ಅಭ್ಯಾಸ ಬಲದಿಂದ ಅಲ್ಲೇ ನೋಡಿದಳು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಅಂಜಿ. ಗಡ್ಡ ಬಂದಿತ್ತು, ಭುಜ ಅಗಲವಾಗಿತ್ತು, ಮೈಯೆಲ್ಲ ಕುದುರೆಯ ವಾಸನೆ. ಅಕ್ಕನನ್ನು ಕಂಡವನು ನಡುರಸ್ತೆಯಲ್ಲಿ ನಿಂತುಬಿಟ್ಟ. ಆಟೋದವನು ಹಾರ್ನ್ ಹೊಡೆದು ಬೈದಾಗ ಈಚೆ ಬಂದ.

"ಯಾವಾಗ ಬಂದಿ ಅಕ್ಕ?"

"ಈಗ."

ನರಸಕ್ಕ ಇಬ್ಬರ ಕೈಗೂ ಟೀ ಕೊಟ್ಟು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತ ಆಚೆ ತಿರುಗಿದಳು. ಅಷ್ಟರಲ್ಲಿ ಸೌಭಾಗ್ಯಳ ಫೋನ್ ರಿಂಗಾಯಿತು. ಸಂಜೀವಪ್ಪ.

"ಸಿಕ್ಕನೇನವ್ವ? ಸಿಕ್ಕನಾ? ಆಹಾ, ಹನುಮಪ್ಪ ದೊಡ್ಡಾವ! ಒಂದು ಮಾತು ಕೇಳು ಅವನ್ನ, ಶನಿವಾರ ಲಿಟಲ್ ಲ್ಯಾಂಪ್ ಗೆಲ್ಲತೈತೇನು ಅಂತ."

ಅಂಜಿಗೆ ಕೇಳಿಸಿತು. ತುಟಿಯಂಚಿನಲ್ಲಿ ನಕ್ಕ. "ಅದಕ್ಕ ಮನಸ್ಸಿದ್ರ ಓಡತೈತಿ, ಇಲ್ಲಾಂದ್ರ ಇಲ್ಲ ಅನ್ನು. ನನಗ ಗೊತ್ತಿರದು ಅಷ್ಟೇ."

ಆ ನಗು ಕಂಡ ಮೇಲೆ ಸೌಭಾಗ್ಯಳಿಗೆ ಕೊಂಚ ಧೈರ್ಯ ಬಂತು. ಫೋನ್ ಇಟ್ಟು, ಅವನ ಹರಿದ ಮೊಣಕಾಲನ್ನು ನೋಡುತ್ತ ಕೇಳಿದಳು.

"ಬ್ಯಾರೆ ಪ್ಯಾಂಟ್ ಇಲ್ಲೇನೋ ನಿನಗ?"

"ಅದಾವ. ಆ ಕುದುರಿಗೆ ಇದೇ ಬೇಕು. ಮೊದಲು ಯಾರನ್ನೂ ಹತ್ರ ಸೇರಸ್ತಿರಲಿಲ್ಲ, ಒದಿತಿತ್ತು. ಈ ಬಿಳಿಕಾಲು ಕಂಡ್ರ ನಾನು ಅಂತ ಅದಕ್ಕ ಗೊತ್ತಾಕೈತಿ. ತಾನೇ ತಲಿ ಬಗ್ಗಸತೈತಿ."

"ಮತ್ತ ಫೋನ್ ಯಾಕ ಮಾಡಲಿಲ್ಲ?"

ಅಂಜಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. "ಮೊದಲು ಸಿಟ್ಟಿತ್ತು ಅಕ್ಕ. ನೀನೂ ಆಡಿಕೊಂಡಿ ಅಂದುಕೊಂಡೆ. ದಾರ್ಯಾಗ ಎಲ್ಲಾದ್ರೂ ಬಿಸಾಕಬೇಕು ಅಂತ ತಗೊಂಡು ಹೊಂಟೆ. ಇಲ್ಲಿ ಬಂದು ಇದೇ ಬೆಂಚಿನ ಮ್ಯಾಲೆ ಮಲಗಿದಾಗ ಚಳಿ ಆತು, ಹಾಕ್ಕೊಂಡೆ. ಕಿಸೆದಾಗ ಕೈ ಇಟ್ಟೆ. ಪೂರಾ ಕೈ ಒಳಗ ಹೋತು. ಅಂಗಡಿ ಪ್ಯಾಂಟಿನ ಕಿಸೆ ನನಗ ಯಾವಾಗ್ಲೂ ಗಿಡ್ಡ ಆಗತಿತ್ತಲ್ಲ, ಅದಕ್ಕ ನೀನು ಎರಡು ಬೆರಳು ಉದ್ದ ಇಟ್ಟಿದ್ದಿ." ಅವನು ಒಂದು ಕೈಯನ್ನು ಕಿಸೆಗೆ ಇಳಿಸಿ ತೋರಿಸಿದ. "ಆಡಿಕೊಳ್ಳೋರು ಕಿಸೆ ಉದ್ದ ಇಡತಾರೇನಕ್ಕ? ಆಗ ಗೊತ್ತಾತು. ಆಮ್ಯಾಲೆ ಫೋನ್ ಮಾಡಾಕ ನಾಚಿಕಿ."

ಎರಡು ವರ್ಷ ಸೌಭಾಗ್ಯಳನ್ನು ಕೊರೆದ ಪ್ರಶ್ನೆಗೆ ಅವನು ಬೆಂಗಳೂರಿಗೆ ಬಂದ ಮೊದಲ ರಾತ್ರಿಯೇ ಉತ್ತರ ಸಿಕ್ಕಿತ್ತು, ಅವನ ಕಿಸೆಯಲ್ಲೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗೊರೆಸಿಕೊಂಡು, ಕೊನೆಗೆ ಜೋರು ಮಾಡಿದಳು.

"ಬಿಚ್ಚಿ ಕೊಡು ಅದನ್ನ. ಮೊಣಕಾಲು ಹೊಲದು ಕಳಸ್ತೀನಿ."

"ಈಗ ಕೊಟ್ರ ನಾಳೆ ಅದು ನನ್ನ ಒದಿತೈತಿ. ಓಟ ಮುಗದು ಅದಕ್ಕ ರಜ ಕೊಡತಾರ, ಆಗ ನಾನೇ ಊರಿಗೆ ತರ್ತೀನಿ. ನಿನ್ನ ಮಿಷನ್ನಾಗೇ ಹೊಲಿ. ಎಡಗಾಲಪ್ಪ ಬಂದ ಅಂತ ನಗತಾರ, ನಗಲಿ ಬಿಡು."

ಸೌಭಾಗ್ಯ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತು, ಹರಿದ ಮೊಣಕಾಲಿಗೆ ಬೆರಳಿಟ್ಟು ಅಳತೆ ತೆಗೆದುಕೊಂಡಳು. ಬಿಳಿ ಕಾಲಿಗೆ ಬಿಳಿ ತುಂಡೇ ಬೇಕು, ಬಟ್ಟೆಯೂ ಅದೇ ಹಾಸಿನದಾಗಬೇಕು. ಅದಕ್ಕೇನೂ ಹುಡುಕಬೇಕಾಗಿರಲಿಲ್ಲ. ಅಂಜಿ ಕೊಯ್ದ ಎಡಗಾಲುಗಳಲ್ಲಿ ಉಳಿದವನ್ನು ಅವಳು ಬಿಸಾಡದೆ ತನ್ನ ಮಂಚದ ಕೆಳಗೆ ಕಟ್ಟಿ ಇಟ್ಟಿದ್ದಳು.